ಸಾಲಿನ ಕೊನೆಯ ದೀಪ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕು ನೀರಿನ ಲೆಕ್ಕವನ್ನು ಬಹುಕಾಲದಿಂದ ಬಲ್ಲ ಪ್ರದೇಶ. ಕೊಡಗಿನ ಬೆಟ್ಟಗಳಿಂದ ಇಳಿದು ಬರುವ ಕಾವೇರಿಯು ಈ ತಾಲ್ಲೂಕಿನ ಕೊಣನೂರು, ರಾಮನಾಥಪುರಗಳ ಮಗ್ಗುಲಲ್ಲಿ ಹರಿದು ಮುಂದೆ ಸಾಗುತ್ತದೆ. ಕಟ್ಟೇಪುರದ ಬಳಿ ನದಿಗೆ ಅಡ್ಡಲಾಗಿ ಕಟ್ಟಿದ ಹಳೆಯ ಅಣೆಕಟ್ಟು ನೀರನ್ನು ಕಾಲುವೆಗಳಿಗೆ ತಿರುಗಿಸುತ್ತದೆ. ತೂಬಿನ ಬಳಿ ಇರುವ ಗದ್ದೆಗೆ ನೀರು ಧಾರಾಳವಾಗಿ ಹಾಯುತ್ತದೆ. ಕಾಲುವೆಯ ಕೊನೆಯಲ್ಲಿರುವ ಗದ್ದೆಯ ಒಡೆಯನು ಮಾತ್ರ ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ರಾತ್ರಿಯೆಲ್ಲ ಕಾಯಬೇಕಾಗುತ್ತದೆ. ಕಾಲುವೆ ಉದ್ದವಾದಷ್ಟೂ, ಕಿರಿದಾದಷ್ಟೂ, ನಡುವೆ ನೀರೆಳೆಯುವವರು ಹೆಚ್ಚಾದಷ್ಟೂ ಕೊನೆಯವನ ಪಾಲು ಕುಗ್ಗುತ್ತದೆ ಎಂಬುದನ್ನು ಇಲ್ಲಿಯ ರೈತನಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಕಾಲುವೆಯ ನೀರು ತಲಪದ ಕಡೆ ರೈತರು ಕೊಳವೆ ಬಾವಿಗಳನ್ನು ತೋಡಿ, ವಿದ್ಯುತ್ ಪಂಪುಗಳಿಂದ ನೀರೆತ್ತಿ ಆಲೂಗೆಡ್ಡೆ, ಹೊಗೆಸೊಪ್ಪು, ಶುಂಠಿಗಳನ್ನು ಬೆಳೆಯುತ್ತಾರೆ. ಅಲ್ಲಿಯೂ ಅದೇ ಕಥೆ ಬೇರೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಪರಿವರ್ತಕದ, ಅಂದರೆ ಟ್ರಾನ್ಸ್‌ಫಾರ್ಮರಿನ, ಹತ್ತಿರದಲ್ಲಿರುವ ಪಂಪು ಸುಗಮವಾಗಿ ತಿರುಗುತ್ತದೆ. ತಂತಿಯ ಸಾಲಿನ ಕಟ್ಟಕಡೆಯ ಕಂಬದಿಂದ ವಿದ್ಯುತ್ತನ್ನು ಪಡೆಯುವ ಪಂಪು ಗೊಣಗುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಸುಟ್ಟುಹೋಗುತ್ತದೆ. ಮೋಟಾರಿನ ಸುರುಳಿಯನ್ನು ಹೊಸದಾಗಿ ಸುತ್ತಿಸಿ ತರುವಷ್ಟರಲ್ಲಿ ಪೈರು ಬಾಡಿರುತ್ತದೆ. ರೈತನು ತನ್ನ ಹಣೆಬರಹವನ್ನು ಹಳಿದುಕೊಳ್ಳುತ್ತಾನೆ. ಆದರೆ ಇಲ್ಲಿ ನಡೆದುದು ಹಣೆಬರಹದ ಆಟವಲ್ಲ. ಅದು ಒಂದು ಸರಳವಾದ ಗುಣಾಕಾರದ ಲೆಕ್ಕ. ಆ ಲೆಕ್ಕವನ್ನು ಲೋಕಕ್ಕೆ ತಿಳಿಸಿದವನು ಜರ್ಮನಿಯ ಒಬ್ಬ ಶಾಲಾ ಉಪಾಧ್ಯಾಯ.

ಗಿಯಾರ್ಗ್ ಸೈಮನ್ ಓಮ್ 1789ರಲ್ಲಿ ಬವೇರಿಯ ಪ್ರಾಂತದ ಎರ್ಲಾಂಗೆನ್ ಎಂಬ ಊರಿನಲ್ಲಿ ಜನಿಸಿದನು. ಅವನ ತಂದೆ ಬೀಗ ಮಾಡುವ ಕಸುಬಿನವನು. ಆತನು ಸ್ವಂತ ಪ್ರಯತ್ನದಿಂದ ಗಣಿತವನ್ನೂ ವಿಜ್ಞಾನವನ್ನೂ ಕಲಿತು, ತನ್ನ ಮಕ್ಕಳಿಗೆ ತಾನೇ ಪಾಠ ಹೇಳಿದನು. ಓಮನು ಮುಂದೆ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನಗಳ ಅಧ್ಯಾಪಕನಾದನು. ಪಾಠ ಮುಗಿದ ಮೇಲೆ ಶಾಲೆಯ ಪ್ರಯೋಗಶಾಲೆಯೇ ಅವನ ಕಾರ್ಯಕ್ಷೇತ್ರ. ಒಂದು ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿಯುತ್ತದೆ, ಅದು ಯಾವ ಯಾವ ಕಾರಣಗಳಿಂದ ಹೆಚ್ಚು ಕಡಿಮೆಯಾಗುತ್ತದೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. ಅಂದಿನ ವಿದ್ಯುತ್ ಕೋಶಗಳು ಬಳಸುತ್ತಿದ್ದಂತೆ ದುರ್ಬಲವಾಗುತ್ತಿದ್ದುದರಿಂದ ಅಳತೆಗಳು ಒಂದೇ ಸಮನಾಗಿ ಬರುತ್ತಿರಲಿಲ್ಲ. ಆಗ ಓಮನು ಬಿಸ್ಮತ್ ಮತ್ತು ತಾಮ್ರಗಳ ಕೂಡುಗೆಗಳಲ್ಲಿ ಒಂದನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ, ಸ್ಥಿರವಾದ ವಿದ್ಯುತ್ತನ್ನು ಪಡೆದನು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ಕಾಂತಸೂಚಿಯೊಂದು ಎಷ್ಟು ತಿರುಗುವುದೆಂಬುದನ್ನು ಅಳೆದನು. ಈ ಶ್ರಮದ ಫಲವು 1827ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು.

ಆ ಪುಸ್ತಕಕ್ಕೆ ಅವನ ನಾಡಿನಲ್ಲಿ ತಕ್ಕ ಆದರ ದೊರೆಯಲಿಲ್ಲ. ಓಮನು ಕೊಲೋನಿನ ಕೆಲಸವನ್ನು ಬಿಟ್ಟು, ಹಲವು ವರ್ಷ ಸಣ್ಣಪುಟ್ಟ ಅಧ್ಯಾಪನದಿಂದ ಕಾಲ ಕಳೆಯಬೇಕಾಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ತನ್ನ ಕಾಪ್ಲಿ ಪದಕವನ್ನು ಅವನಿಗೆ ನೀಡಿದ ಮೇಲೆ ಅವನ ಹಿರಿಮೆ ಎಲ್ಲೆಡೆ ತಿಳಿಯಿತು. ತನ್ನ ಬಾಳಿನ ಬಯಕೆಯಾಗಿದ್ದ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪೀಠವು ಮ್ಯೂನಿಚ್‌ನಲ್ಲಿ ಅವನಿಗೆ ಲಭಿಸಿದ್ದು 1852ರಲ್ಲಿ, ಸಾವಿಗೆ ಎರಡೇ ವರ್ಷ ಮೊದಲು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ಸಮ್ಮೇಳನವು ರೋಧದ ಮಾನಕ್ಕೆ ಅವನ ಹೆಸರನ್ನೇ ಇಟ್ಟಿತು.

ಓಮನ ನಿಯಮವನ್ನು ತಿಳಿಯಲು ಮತ್ತೆ ಕಾಲುವೆಯ ಬಳಿಗೆ ಹೋಗಬಹುದು. ನೀರು ಹರಿಯಬೇಕಾದರೆ ಎರಡು ಸ್ಥಳಗಳ ನಡುವೆ ಎತ್ತರದ ವ್ಯತ್ಯಾಸವಿರಬೇಕು. ವಿದ್ಯುತ್ತು ಹರಿಯಬೇಕಾದರೂ ಅಂಥದೇ ಒಂದು ವ್ಯತ್ಯಾಸ ಬೇಕು. ಅದಕ್ಕೆ ವಿಭವಾಂತರವೆಂದು ಹೆಸರು. ಅದರ ಮಾನ ವೋಲ್ಟ್. ತಂತಿಯಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣ ಪ್ರವಾಹ. ಅದರ ಮಾನ ಆಂಪಿಯರ್. ಹರಿವಿಗೆ ತಂತಿಯು ಒಡ್ಡುವ ಅಡ್ಡಿ ರೋಧ. ಅದರ ಮಾನ ಓಮ್. ಈ ಮೂರಕ್ಕೂ ಇರುವ ಸಂಬಂಧ ಹೀಗಿದೆ: ಲೋಹದ ತಂತಿಯ ಉಷ್ಣತೆಯು ಬದಲಾಗದೆ ಇರುವಾಗ ಅದರಲ್ಲಿ ಹರಿಯುವ ಪ್ರವಾಹವು ಅದರ ತುದಿಗಳ ನಡುವಣ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ. ಅಂದರೆ,

ವಿಭವಾಂತರ = ಪ್ರವಾಹ × ರೋಧ.

ಮೂರರಲ್ಲಿ ಎರಡು ತಿಳಿದರೆ ಮೂರನೆಯದು ತಾನಾಗಿ ತಿಳಿಯುತ್ತದೆ. 12 ವೋಲ್ಟಿನ ಬ್ಯಾಟರಿಗೆ ಜೋಡಿಸಿದ ತಂತಿಯಲ್ಲಿ 3 ಆಂಪಿಯರ್ ಹರಿದರೆ, ಅದರ ರೋಧವು 12ನ್ನು 3ರಿಂದ ಭಾಗಿಸಿದಾಗ ಬರುವ 4 ಓಮ್.

ತಂತಿಯ ರೋಧವು ಅದರ ಉದ್ದ, ದಪ್ಪ ಮತ್ತು ಲೋಹದ ಗುಣಗಳನ್ನು ಅವಲಂಬಿಸಿದೆ. ಉದ್ದ ಇಮ್ಮಡಿಯಾದರೆ ರೋಧ ಇಮ್ಮಡಿಯಾಗುತ್ತದೆ. ಅಡ್ಡಕೊಯ್ತದ ವಿಸ್ತೀರ್ಣ ಇಮ್ಮಡಿಯಾದರೆ ರೋಧ ಅರ್ಧವಾಗುತ್ತದೆ. ಬೆಳ್ಳಿಯನ್ನು ಬಿಟ್ಟರೆ ತಾಮ್ರದಷ್ಟು ಸುಲಭವಾಗಿ ವಿದ್ಯುತ್ತಿಗೆ ದಾರಿ ಕೊಡುವ ಲೋಹ ಬೇರೊಂದಿಲ್ಲ. ಅಲ್ಯೂಮಿನಿಯಮ್ಮಿನ ರೋಧಶೀಲತೆ ತಾಮ್ರದ ಸುಮಾರು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಆದರೂ ಅದು ಹಗುರ, ಅಗ್ಗ. ಆದುದರಿಂದ ಕಂಬದಿಂದ ಕಂಬಕ್ಕೆ ಎಳೆಯುವ ತಂತಿಗಳು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನವು. 28 ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ ಅಲ್ಯೂಮಿನಿಯಮ್ ತಂತಿಯ ಒಂದು ಕಿಲೋಮೀಟರಿನ ರೋಧ ಸುಮಾರು 1 ಓಮ್. ನೋಡುವುದಕ್ಕೆ ಇದು ಅತ್ಯಲ್ಪ. ಆದರೆ ಈ ಅಲ್ಪದಲ್ಲಿಯೇ ಸಾಲಿನ ಕೊನೆಯವನ ಕಷ್ಟವು ಅಡಗಿದೆ.

ಅದನ್ನು ನೋಡುವ ಮೊದಲು ಇನ್ನೊಂದು ಪರಿಮಾಣವನ್ನು ಅರಿಯಬೇಕು. ಒಂದು ಸೆಕೆಂಡಿನಲ್ಲಿ ವ್ಯಯವಾಗುವ ವಿದ್ಯುಚ್ಛಕ್ತಿಗೆ ವಿದ್ಯುತ್ ಸಾಮರ್ಥ್ಯವೆಂದು ಹೆಸರು. ಅದರ ಮಾನ ವಾಟ್.

ಸಾಮರ್ಥ್ಯ = ವಿಭವಾಂತರ × ಪ್ರವಾಹ.

ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. 1000 ವಾಟಿನ ನೀರು ಕಾಯಿಸುವ ಸಾಧನವೊಂದು ಅದರಿಂದ ಎಳೆಯುವ ಪ್ರವಾಹ 1000ವನ್ನು 230ರಿಂದ ಭಾಗಿಸಿದಾಗ ಬರುವ ಸುಮಾರು 4.35 ಆಂಪಿಯರ್; ಅದರ ರೋಧ 230ನ್ನು 4.35ರಿಂದ ಭಾಗಿಸಿದರೆ ಸುಮಾರು 53 ಓಮ್. 60 ವಾಟಿನ ಹಳೆಯ ತಂತಿದೀಪವು ಎಳೆಯುವ ಪ್ರವಾಹ ಸುಮಾರು 0.26 ಆಂಪಿಯರ್, ಉರಿಯುತ್ತಿರುವಾಗ ಅದರ ರೋಧ ಸುಮಾರು 880 ಓಮ್. ಹೆಚ್ಚು ವಾಟಿನ ಸಾಧನಕ್ಕೆ ಕಡಿಮೆ ರೋಧ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ದಾರಿ ಅಗಲವಾಗಿದ್ದರಲ್ಲವೇ ಹೆಚ್ಚು ಹರಿಯುವುದು? ಇದೇ ದೀಪ ಆರಿ ತಣ್ಣಗಿರುವಾಗ ಅಳೆದರೆ ಅದರ ರೋಧ ಬಹಳ ಕಡಿಮೆಯಾಗಿರುತ್ತದೆ. ಓಮನ ನಿಯಮದಲ್ಲಿ ‘ಉಷ್ಣತೆಯು ಬದಲಾಗದೆ ಇರುವಾಗ’ ಎಂಬ ಮಾತು ಏಕೆ ಸೇರಿದೆ ಎಂಬುದಕ್ಕೆ ಈ ದೀಪವೇ ಸಾಕ್ಷಿ.

ಓಮನ ನಿಯಮವನ್ನೂ ಸಾಮರ್ಥ್ಯದ ಸೂತ್ರವನ್ನೂ ಸೇರಿಸಿದರೆ ಮತ್ತೊಂದು ಸೂತ್ರ ದೊರೆಯುತ್ತದೆ.

ಸಾಮರ್ಥ್ಯ = ಪ್ರವಾಹ × ಪ್ರವಾಹ × ರೋಧ.

ತಂತಿಯಲ್ಲಿ ಶಾಖವಾಗಿ ಹೋಗುವ ಸಾಮರ್ಥ್ಯವನ್ನು ಈ ಸೂತ್ರವು ಹೇಳುತ್ತದೆ. ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ 1840ರ ಸುಮಾರಿಗೆ ಪ್ರಯೋಗಗಳಿಂದ ಇದನ್ನು ಕಂಡುಕೊಂಡನು. ಪ್ರವಾಹವು ಇಲ್ಲಿ ಎರಡು ಸಲ ಬರುವುದನ್ನು ಗಮನಿಸಬೇಕು. ಪ್ರವಾಹ ಇಮ್ಮಡಿಯಾದರೆ ಶಾಖವು ನಾಲ್ಮಡಿಯಾಗುತ್ತದೆ. ಮುಮ್ಮಡಿಯಾದರೆ ಒಂಬತ್ತು ಮಡಿಯಾಗುತ್ತದೆ.

ಈಗ ಸಾಲಿನ ಕೊನೆಯ ಪಂಪಿನ ಲೆಕ್ಕವನ್ನು ಮಾಡಬಹುದು. ಸಾಮಾನ್ಯವಾಗಿ ನೀರಾವರಿ ಪಂಪುಗಳಿಗೆ ಮೂರು ತಂತಿಗಳಲ್ಲಿ ವಿದ್ಯುತ್ತು ಬರುತ್ತದೆ. ಲೆಕ್ಕ ಸುಲಭವಾಗಲೆಂದು ಇಲ್ಲಿ ಒಂದು ಜೋಡಿ ತಂತಿಯನ್ನು ಮಾತ್ರ ತೆಗೆದುಕೊಂಡರೆ ಸಾಕು. ಪರಿವರ್ತಕದಿಂದ ಪಂಪಿನ ಮನೆಗೆ ದೂರ ಒಂದು ಕಿಲೋಮೀಟರ್ ಎಂದು ಭಾವಿಸಬೇಕು. ವಿದ್ಯುತ್ತು ಹೋಗಲು ಒಂದು ತಂತಿ, ಮರಳಲು ಇನ್ನೊಂದು. ಒಟ್ಟು ರೋಧ 2 ಓಮ್. ತಂತಿಯಲ್ಲಿ 10 ಆಂಪಿಯರ್ ಹರಿಯುತ್ತಿದ್ದರೆ ದಾರಿಯಲ್ಲಿಯೇ 10 × 2, ಎಂದರೆ 20 ವೋಲ್ಟ್ ಕರಗಿಹೋಗುತ್ತದೆ. 230 ವೋಲ್ಟಿನಲ್ಲಿ ಹೊರಟದ್ದು 210 ವೋಲ್ಟಾಗಿ ಊರನ್ನು ಸೇರುತ್ತದೆ. ತಂತಿಯು ಶಾಖವಾಗಿ ನುಂಗುವುದು 10 × 10 × 2, ಎಂದರೆ 200 ವಾಟ್. ಇಷ್ಟಾದರೆ ಹೇಗೋ ಸಹಿಸಬಹುದು.

ಬೇಸಗೆಯಲ್ಲಿ ಎಲ್ಲರಿಗೂ ಒಟ್ಟಿಗೆ ನೀರು ಬೇಕಾಗುತ್ತದೆ. ಅದೇ ಕೊನೆಯ ಕಂಬದಿಂದ ಇನ್ನೂ ಒಂದೆರಡು ಪಂಪುಗಳು ವಿದ್ಯುತ್ತನ್ನು ಎಳೆದು, ತಂತಿಯ ಪ್ರವಾಹ 25 ಆಂಪಿಯರಿಗೆ ಏರಿತೆನ್ನೋಣ. ಆಗ ದಾರಿಯಲ್ಲಿ ಕರಗುವುದು 25 × 2, ಎಂದರೆ 50 ವೋಲ್ಟ್. ಕೊನೆಗೆ ಉಳಿಯುವುದು 180 ವೋಲ್ಟ್ ಮಾತ್ರ. ತಂತಿಯು ನುಂಗುವುದು 25 × 25 × 2, ಎಂದರೆ 1250 ವಾಟ್. ಪ್ರವಾಹ ಎರಡೂವರೆ ಮಡಿ ಏರಿದರೆ ನಷ್ಟವು ಆರೂಕಾಲು ಮಡಿ ಏರಿತು! ಒಂದೂವರೆ ಅಶ್ವಶಕ್ತಿಗಿಂತಲೂ ಹೆಚ್ಚಿನ ಸಾಮರ್ಥ್ಯವು ಯಾರ ಹೊಲಕ್ಕೂ ನೀರು ಹಾಯಿಸದೆ ಬಯಲಿನ ಗಾಳಿಯನ್ನು ಬಿಸಿ ಮಾಡುವುದರಲ್ಲಿ ಕಳೆದುಹೋಗುತ್ತದೆ.

180 ವೋಲ್ಟಿನಲ್ಲಿ ಎಲ್ಲ ಸಾಧನಗಳೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ನೀರು ಕಾಯಿಸುವ ಸಾಧನವು ಬರಿಯ ರೋಧ. ಅದಕ್ಕೆ ಒದಗುವ ವೋಲ್ಟ್ ಕುಗ್ಗಿದರೆ ಪ್ರವಾಹವೂ ಕುಗ್ಗುತ್ತದೆ. 53 ಓಮಿನ ಆ ಸಾಧನದಲ್ಲಿ ಈಗ ಸುಮಾರು 3.4 ಆಂಪಿಯರ್ ಹರಿದು, 1000 ವಾಟಿನ ಬದಲು ಸುಮಾರು 610 ವಾಟ್ ಮಾತ್ರ ಒದಗುತ್ತದೆ. ನೀರು ತಡವಾಗಿ ಕಾಯುತ್ತದೆ. ಸಾಧನಕ್ಕೆ ಯಾವ ಹಾನಿಯೂ ಇಲ್ಲ. ಮೋಟಾರಿನ ಸ್ವಭಾವ ಬೇರೆ. ಬಾವಿಯ ಆಳ ಕಡಿಮೆಯಾಗುವುದಿಲ್ಲ; ಎತ್ತಬೇಕಾದ ನೀರಿನ ಭಾರವೂ ಇಳಿಯುವುದಿಲ್ಲ. ಹೆಚ್ಚುಕಡಿಮೆ ಅಷ್ಟೇ ಕೆಲಸವನ್ನು ಕಡಿಮೆ ವೋಲ್ಟಿನಲ್ಲಿ ಮಾಡಬೇಕಾದ ಮೋಟಾರು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಸಾಮರ್ಥ್ಯವು ಬದಲಾಗದೆ 230 ವೋಲ್ಟ್ 180ಕ್ಕೆ ಇಳಿದರೆ ಪ್ರವಾಹವು ಸುಮಾರು ಶೇಕಡ 28ರಷ್ಟು ಏರಬೇಕಾಗುತ್ತದೆ. ಸುರುಳಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಶೇಕಡ 63ರಷ್ಟು ಏರುತ್ತದೆ. ಸುರುಳಿಯ ತಂತಿಗೆ ಲೇಪಿಸಿದ ಅವಾಹಕವು ಈ ಶಾಖದಿಂದ ದಿನದಿನಕ್ಕೆ ಶಿಥಿಲವಾಗಿ, ಕೊನೆಗೆ ಸುಟ್ಟುಹೋಗುತ್ತದೆ. ‘ವಿದ್ಯುತ್ತು ಕಡಿಮೆ ಬಂದರೆ ಮೋಟಾರು ನಿಧಾನವಾಗಬೇಕು, ಸುಡುವುದೇಕೆ?’ ಎಂಬ ಪ್ರಶ್ನೆಗೆ ಉತ್ತರವಿದು.

ಇಲ್ಲಿ ಇನ್ನೊಂದು ವಿಷಯವೂ ಉಂಟು. ಮೋಟಾರು ಹೆಚ್ಚು ಪ್ರವಾಹವನ್ನು ಎಳೆದಂತೆ ತಂತಿಯಲ್ಲಿ ಇನ್ನಷ್ಟು ವೋಲ್ಟ್ ಕರಗುತ್ತದೆ. ವೋಲ್ಟ್ ಇಳಿದಂತೆ ಪಕ್ಕದ ಮೋಟಾರೂ ಇನ್ನಷ್ಟು ಎಳೆಯುತ್ತದೆ. ಒಬ್ಬನು ಯಾರಿಗೂ ತಿಳಿಸದೆ ಸಾಲಿಗೆ ಜೋಡಿಸಿಕೊಂಡ ಪಂಪು ಅವನೊಬ್ಬನ ವಿಷಯವಾಗಿ ಉಳಿಯುವುದಿಲ್ಲ. ಅದು ನೆರೆಯವನ ಮೋಟಾರನ್ನು ಸುಡುವ ಕೊಳ್ಳಿಯಾಗಬಹುದು. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ಸರ್ಕಾರವು ಉಚಿತವಾಗಿ ವಿದ್ಯುತ್ತನ್ನು ಒದಗಿಸುತ್ತದೆ. ರೈತನು ಹಣ ಕೊಡುವುದಿಲ್ಲವೆಂದ ಮಾತ್ರಕ್ಕೆ ತಂತಿಯಲ್ಲಿ ಸುಟ್ಟುಹೋದ ಶಕ್ತಿಗೆ ಬೆಲೆಯಿಲ್ಲವೆಂದು ಅರ್ಥವಲ್ಲ. ಆ ಬೆಲೆಯನ್ನು ನಾಡು ತೆರುತ್ತದೆ. ಅದರ ಮೇಲೆ ಸುಟ್ಟ ಮೋಟಾರಿನ ಬೆಲೆಯನ್ನು ಕೊನೆಯ ರೈತನು ತೆರುತ್ತಾನೆ.

ಈ ಕಷ್ಟಕ್ಕೆ ಪರಿಹಾರವೂ ಅದೇ ಸೂತ್ರಗಳಲ್ಲಿದೆ. ನಷ್ಟವನ್ನು ಇಳಿಸಲು ಎರಡು ದಾರಿ: ರೋಧವನ್ನು ಇಳಿಸಬೇಕು, ಇಲ್ಲವೇ ಪ್ರವಾಹವನ್ನು ಇಳಿಸಬೇಕು. ತಂತಿಯ ಅಡ್ಡಕೊಯ್ತದ ವಿಸ್ತೀರ್ಣವನ್ನು ಇಮ್ಮಡಿಸಿದರೆ ನಷ್ಟ ಅರ್ಧವಾಗುತ್ತದೆ. ಆದರೆ ಲೋಹದ ವೆಚ್ಚವೂ ಇಮ್ಮಡಿಯಾಗುತ್ತದೆ. ಎರಡನೆಯ ದಾರಿಯು ಇದಕ್ಕಿಂತ ಜಾಣತನದ್ದು. ಅಷ್ಟೇ ಸಾಮರ್ಥ್ಯವನ್ನು ಹೆಚ್ಚು ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹವು ಕಡಿಮೆ ಸಾಕು. ನಷ್ಟವು ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ.

ಈ ಸತ್ಯವನ್ನು ಕಾವೇರಿಯೇ ಬಹಳ ಹಿಂದೆ ತೋರಿಸಿಕೊಟ್ಟಿದೆ. ರಾಮನಾಥಪುರವನ್ನು ದಾಟಿದ ಕಾವೇರಿಯು ಹೇಮಾವತಿಯೇ ಮೊದಲಾದ ನದಿಗಳನ್ನು ಕೂಡಿಕೊಂಡು ಶಿವನಸಮುದ್ರದಲ್ಲಿ ಧುಮುಕುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನವು ಅಲ್ಲಿ ಜಲವಿದ್ಯುದಾಗಾರವನ್ನು ಕಟ್ಟಲು ತೊಡಗಿತು. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಂದಿನ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿತ್ತು. ವಿದ್ಯುತ್ತನ್ನು ಕಳುಹಿಸಿದ್ದು ಮೂವತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ. ಅದೇಕೆಂಬುದನ್ನು ಒಂದು ಸ್ಥೂಲವಾದ ಲೆಕ್ಕದಿಂದ ತಿಳಿಯಬಹುದು. 30 ಲಕ್ಷ ವಾಟ್ ಸಾಮರ್ಥ್ಯವನ್ನು 230 ವೋಲ್ಟಿನಲ್ಲಿ ಕಳುಹಿಸಲು 13,000 ಆಂಪಿಯರ್ ಬೇಕು. 30,000 ವೋಲ್ಟಿನಲ್ಲಿ ಕಳುಹಿಸಲು 100 ಆಂಪಿಯರ್ ಸಾಕು. ಪ್ರವಾಹವು 130 ಪಾಲಿನಲ್ಲಿ ಒಂದು ಪಾಲಾದರೆ, ಅದೇ ತಂತಿಯಲ್ಲಿ ಶಾಖದ ನಷ್ಟವು ಸುಮಾರು 17,000 ಪಾಲಿನಲ್ಲಿ ಒಂದು ಪಾಲಾಗುತ್ತದೆ. ಈ ಲೆಕ್ಕವಿಲ್ಲದಿದ್ದರೆ ಶಿವನಸಮುದ್ರದ ವಿದ್ಯುತ್ತು ಗಣಿಯನ್ನು ಮುಟ್ಟುತ್ತಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗುತ್ತಲೂ ಇರಲಿಲ್ಲ. ಇಂದು ಹಳ್ಳಿಗಳಲ್ಲಿ 11,000 ವೋಲ್ಟಿನ ತಂತಿಯನ್ನು ಪಂಪುಗಳ ಸಮೀಪಕ್ಕೆ ತಂದು, ಅಲ್ಲಿ ಚಿಕ್ಕ ಚಿಕ್ಕ ಪರಿವರ್ತಕಗಳನ್ನು ನಿಲ್ಲಿಸುವ ಕ್ರಮಕ್ಕೂ ಇದೇ ತತ್ವ ಆಧಾರ. ಕಡಿಮೆ ವೋಲ್ಟಿನ ತಂತಿಯು ಎಷ್ಟು ಗಿಡ್ಡವಾದರೆ ಕೊನೆಯ ರೈತನಿಗೆ ಅಷ್ಟು ಕ್ಷೇಮ.

ಮನೆಯೊಳಗೂ ಈ ಸೂತ್ರಗಳು ಎಚ್ಚರಿಕೆ ಹೇಳುತ್ತವೆ. ಸರಿಯಾಗಿ ಬಿಗಿಯದೆ ಬರಿದೇ ಹೊಸೆದ ಕೂಡುಗೆಯೊಂದರ ರೋಧ ಅರ್ಧ ಓಮ್ ಎಂದಿಟ್ಟುಕೊಂಡರೂ, ಅದರ ಮೂಲಕ 10 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲಿ 50 ವಾಟ್ ಶಾಖ ಹುಟ್ಟುತ್ತದೆ. ಸೋಗೆ, ಹುಲ್ಲು, ಒಣಮರಗಳ ಬಳಿ ಅದು ಬೆಂಕಿಯ ಬೀಜ. ಪ್ರವಾಹ ಮಿತಿ ಮೀರಿದಾಗ ತಾನು ಕರಗಿ ಮನೆಯನ್ನು ಉಳಿಸುವುದಕ್ಕಾಗಿಯೇ ಫ್ಯೂಸಿನ ತಂತಿ ತೆಳುವಾಗಿರುತ್ತದೆ. ಅದು ಪದೇ ಪದೇ ಹೋಗುವುದೆಂದು ಬೇಸತ್ತು ದಪ್ಪ ತಂತಿಯನ್ನು ಹಾಕುವವನು ಕಾವಲುಗಾರನ ಕೈಕಟ್ಟಿ ಕೂರಿಸಿದಂತೆ.

ಮನುಷ್ಯನ ದೇಹಕ್ಕೂ ರೋಧವುಂಟು. ಒಣಗಿದ ಚರ್ಮದ ರೋಧ ಹೆಚ್ಚು. ನೀರಿನಲ್ಲಿ ನೆಂದಾಗ ದೇಹದ ರೋಧವು ಸುಮಾರು 1000 ಓಮಿಗೆ ಇಳಿಯಬಹುದು. ಆಗ 230 ವೋಲ್ಟಿನ ತಂತಿಯನ್ನು ಮುಟ್ಟಿದರೆ 0.23 ಆಂಪಿಯರ್ ಹರಿಯುತ್ತದೆ. ಹೃದಯವನ್ನು ನಿಲ್ಲಿಸಲು ಅದರ ಅರ್ಧವೂ ಸಾಕಾಗಬಹುದು. ಒದ್ದೆಯ ಗದ್ದೆಯಲ್ಲಿ ಬರಿಗಾಲಿನಲ್ಲಿ ನಿಂತು ಪಂಪಿನ ಗುಂಡಿಯನ್ನು ಮುಟ್ಟುವವನು ಈ ಒಂದು ಭಾಗಾಕಾರವನ್ನು ಎಂದಿಗೂ ಮರೆಯಬಾರದು. ಒಣಗಿದ ಕೈಯೆಂದು ಧೈರ್ಯ ತಾಳುವುದೂ ಸಲ್ಲದು. ಬೆವರಿನ ಒಂದು ಹನಿ ಲೆಕ್ಕವನ್ನು ಬದಲಿಸಬಲ್ಲದು.

ಬೀಗ ಮಾಡುವವನ ಮಗನು ಶಾಲೆಯ ಕೋಣೆಯೊಂದರಲ್ಲಿ ತುಂಡು ತಂತಿಗಳನ್ನು ಅಳೆಯುತ್ತ ಕುಳಿತಿದ್ದಾಗ, ಅದರಿಂದೇನು ಪ್ರಯೋಜನವೆಂದು ಕೇಳಿದವರಿಗೆ ಕೊರತೆಯಿರಲಿಲ್ಲ. ಕಾವೇರಿಯ ದಡದ ಹೊಲವೊಂದರಲ್ಲಿ ಸಂಜೆಯ ಹೊತ್ತು ದೀಪವು ಮಂಕಾದಾಗ ಅದರ ಕಾರಣವನ್ನು ಇಂದು ಒಂಬತ್ತನೆಯ ತರಗತಿಯ ಬಾಲಕನೋ ಬಾಲಕಿಯೋ ಕಾಗದದ ಮೇಲೆ ಲೆಕ್ಕ ಹಾಕಿ ತಂದೆಗೆ ತೋರಿಸಬಹುದು. ಮೋಟಾರು ಸುಡುವ ಮೊದಲೇ ಅದನ್ನು ನಿಲ್ಲಿಸಲು ಹೇಳಬಹುದು. ಹತ್ತಿರದಲ್ಲಿ ಪರಿವರ್ತಕವನ್ನು ನಿಲ್ಲಿಸಬೇಕೆಂದು ಊರವರೆಲ್ಲ ಸೇರಿ ಬರೆಯುವ ಅರ್ಜಿಗೆ ಆ ಅಂಕಿಗಳನ್ನು ಒದಗಿಸಿಕೊಡಬಹುದು. ಓಮನ ಶ್ರಮಕ್ಕೆ ಸಲ್ಲುವ ಗೌರವ ಇದಕ್ಕಿಂತ ಬೇರೆ ಯಾವುದಿದೆ?